ಗಡಿ ದಾಟಿದ ಮೇಲೂ ಕೆಲಸ ಮಾಡುವ ಸಾಧನ: ಸಹಾಯಕ ತಂತ್ರಜ್ಞಾನಕ್ಕಾಗಿ ಅಂತರರಾಷ್ಟ್ರೀಯ ಸಹಯೋಗ ಕಟ್ಟುವ ಸಮಗ್ರ ಮಾರ್ಗದರ್ಶಿ

ಕನ್ನಡದ ‘ಕ’ ಅಕ್ಷರವನ್ನು ಬ್ರೈಲ್‌ನಲ್ಲಿ ಬರೆದಾಗ ಆರು ಚುಕ್ಕಿಗಳ ಮನೆಯಲ್ಲಿ ಒಂದನೆಯದು ಮತ್ತು ಮೂರನೆಯದು ಮಾತ್ರ ಉಬ್ಬಿರುತ್ತವೆ. ಹಿಂದಿಯ ‘ಕ’ಕ್ಕೂ ತಮಿಳಿನ ‘ಕ’ಕ್ಕೂ ಇಂಗ್ಲಿಷಿನ ‘ಕೆ’ ಅಕ್ಷರಕ್ಕೂ ಇದೇ ಗುರುತು. ಇದು ಆಕಸ್ಮಿಕವಾಗಿ ಆದದ್ದಲ್ಲ. ಒಂದೊಂದು ಪ್ರದೇಶದಲ್ಲಿ ಒಂದೊಂದು ಬಗೆಯ ಬ್ರೈಲ್ ಬಳಕೆಯಲ್ಲಿದ್ದ ಕಾಲದಲ್ಲಿ ಯುನೆಸ್ಕೊ ಮುಂದಾಳತ್ವದಲ್ಲಿ ಹಲವು ದೇಶಗಳ ಪ್ರತಿನಿಧಿಗಳು ಒಟ್ಟಿಗೆ ಕುಳಿತು, 1951ರಲ್ಲಿ ಬೈರೂತ್‌ನಲ್ಲಿ ನಡೆದ ಸಭೆಯಲ್ಲಿ, ಒಂದು ಧ್ವನಿಗೆ ಆದಷ್ಟೂ ಒಂದೇ ಗುರುತಿರಲಿ ಎಂಬ ತತ್ವವನ್ನು ಒಪ್ಪಿಕೊಂಡರು. ಅಂದಿನ ಒಪ್ಪಂದದಿಂದಾಗಿ ಇಂದು ಒಂದು ಭಾಷೆಯ ಬ್ರೈಲ್ ಕಲಿತ ಮಗು ಇನ್ನೊಂದು ಭಾಷೆಯ ಬ್ರೈಲನ್ನು ಮೊದಲಿನಿಂದ ಕಲಿಯಬೇಕಾಗಿಲ್ಲ.

ಈ ಮಾರ್ಗದರ್ಶಿ ಅಂಥ ಕೆಲಸವನ್ನು ಕೈಗೆತ್ತಿಕೊಳ್ಳಬಯಸುವವರಿಗಾಗಿ. ನೀವು ವಿಕಲಚೇತನರ ಸಂಘಟನೆಯವರಾಗಿರಬಹುದು, ಪುನರ್ವಸತಿ ಕೇಂದ್ರದವರಾಗಿರಬಹುದು, ವಿಶ್ವವಿದ್ಯಾಲಯದ ಪ್ರಯೋಗಾಲಯದವರೋ ಸಣ್ಣ ತಯಾರಕರೋ ಮುಕ್ತ ತಂತ್ರಾಂಶದ ಸ್ವಯಂಸೇವಕರೋ ಆಗಿರಬಹುದು. ಇನ್ನೊಂದು ದೇಶದ ತಂಡದೊಂದಿಗೆ ಸೇರಿ ಸಹಾಯಕ ಸಾಧನವೊಂದನ್ನು ರೂಪಿಸಲು, ಸುಧಾರಿಸಲು ಅಥವಾ ತಲುಪಿಸಲು ಹೊರಟವರು ಯಾವ ಕ್ರಮದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇಡೀ ಬರಹದ ಹಿಂದೆ ಒಂದು ನಂಬಿಕೆಯಿದೆ. ಸಾಧನವನ್ನು ಗಡಿ ದಾಟಿಸುವುದು ಸುಲಭ, ಆದರೆ ಅದನ್ನು ಅಳತೆಗೆ ಹೊಂದಿಸುವ ಕೈ, ಕೆಟ್ಟಾಗ ಸರಿಪಡಿಸುವ ತಿಳಿವಳಿಕೆ ಮತ್ತು ಬದಲಾಯಿಸಿಕೊಳ್ಳುವ ಹಕ್ಕು ಇವು ಮೂರೂ ಅದರ ಜೊತೆಗೇ ಗಡಿ ದಾಟದಿದ್ದರೆ ಆ ಸಹಯೋಗ ವ್ಯರ್ಥ. ಆದ್ದರಿಂದ ಮುಂದಿನ ಪ್ರತಿ ಹೆಜ್ಜೆಯಲ್ಲೂ ಈ ಮೂರನ್ನು ಕೇಳುತ್ತಲೇ ಹೋಗಬೇಕು.

ಕೊರತೆಯ ಗಾತ್ರವನ್ನು ಒಮ್ಮೆ ನೋಡಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ಜಾಗತಿಕ ವರದಿಯ ಪ್ರಕಾರ 250 ಕೋಟಿಗೂ ಹೆಚ್ಚು ಜನರಿಗೆ ಕನ್ನಡಕ, ಶ್ರವಣ ಸಾಧನ, ಗಾಲಿಕುರ್ಚಿ, ಸಂವಹನಕ್ಕೆ ನೆರವಾಗುವ ತಂತ್ರಾಂಶದಂಥ ಒಂದಾದರೂ ಸಹಾಯಕ ಸಾಧನ ಬೇಕು. 2050ರ ಹೊತ್ತಿಗೆ ಈ ಸಂಖ್ಯೆ 350 ಕೋಟಿಗೆ ಏರಲಿದೆ. ಬೇಕಾದವರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ಕೆಲವು ಬಡ ದೇಶಗಳಲ್ಲಿ ಅಗತ್ಯವಿರುವವರಲ್ಲಿ ಶೇ 3ರಷ್ಟು ಮಂದಿಗೆ ಮಾತ್ರ ಸಾಧನ ಸಿಕ್ಕಿದ್ದರೆ, ಕೆಲವು ಶ್ರೀಮಂತ ದೇಶಗಳಲ್ಲಿ ಶೇ 90ರಷ್ಟು ಮಂದಿಗೆ ಸಿಕ್ಕಿದೆ. ಈ ಅಂತರವನ್ನು ಯಾವ ದೇಶವೂ ಒಂಟಿಯಾಗಿ ತುಂಬಲಾರದು ಎಂಬ ಅರಿವಿನಿಂದಲೇ, 2006ರ ಡಿಸೆಂಬರ್ 13ರಂದು ಅಂಗೀಕಾರವಾದ ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 32ನೆಯ ವಿಧಿ ಅಂತರರಾಷ್ಟ್ರೀಯ ಸಹಕಾರವನ್ನೂ ಅದರ ಭಾಗವಾಗಿ ಸಹಾಯಕ ತಂತ್ರಜ್ಞಾನದ ಹಂಚಿಕೆಯನ್ನೂ ಹೆಸರಿಸಿ ಹೇಳುತ್ತದೆ. ಸರ್ಕಾರದ ಬಾಗಿಲು ತಟ್ಟುವಾಗ ಈ ವಿಧಿಯನ್ನು ಮುಂದಿಟ್ಟು ಮಾತನಾಡಿ. ನೀವು ಕೇಳುತ್ತಿರುವುದು ದಯೆಯನ್ನಲ್ಲ, ಒಪ್ಪಿಕೊಂಡ ಹೊಣೆಯ ನಿರ್ವಹಣೆಯನ್ನು.

ಮೊದಲ ಹೆಜ್ಜೆ: ಒಂದು ಅಗತ್ಯವನ್ನು ಖಚಿತವಾಗಿ ಬರೆಯಿರಿ

‘ವಿಕಲಚೇತನರಿಗೆ ತಂತ್ರಜ್ಞಾನದ ನೆರವು’ ಎಂದು ಆರಂಭವಾಗುವ ಯೋಜನೆಗಳು ಎತ್ತ ಸಾಗಬೇಕೆಂದು ತಿಳಿಯದೆ ನಿಂತುಬಿಡುತ್ತವೆ. ಯಾರಿಗೆ, ಯಾವ ಕೆಲಸಕ್ಕೆ, ಯಾವ ನೆಲದಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಪುಟದಲ್ಲಿ ಉತ್ತರ ಬರೆಯಿರಿ. ‘ಡಾಂಬರಿಲ್ಲದ ದಾರಿಯಲ್ಲಿ ದಿನಕ್ಕೆ ಎರಡು ಕಿಲೋಮೀಟರ್ ಗಾಲಿಕುರ್ಚಿಯನ್ನು ತಾವೇ ನೂಕಿಕೊಂಡು ಹೋಗಬೇಕಾದ ವಯಸ್ಕರು’ ಎಂಬ ವಿವರಣೆಯಿಂದ ವಿನ್ಯಾಸಕಾರನಿಗೆ ಏನಾದರೂ ಸುಳಿವು ಸಿಗುತ್ತದೆ. ‘ಚಲನೆಯ ತೊಂದರೆ ಇರುವವರು’ ಎಂದಷ್ಟೇ ಬರೆದರೆ ಏನೂ ಸಿಗುವುದಿಲ್ಲ.

ಅಂಕಿಅಂಶ ಸಂಗ್ರಹಕ್ಕೆ ಹೊಸ ಪ್ರಶ್ನಾವಳಿ ಕಟ್ಟಲು ಹೋಗಬೇಡಿ. ನೋಡುವುದು, ಕೇಳುವುದು, ನಡೆಯುವುದು, ನೆನಪು, ಸ್ವಂತ ಆರೈಕೆ, ಸಂವಹನ ಈ ಆರು ವಿಷಯಗಳಲ್ಲಿ ಎಷ್ಟು ಕಷ್ಟವಿದೆ ಎಂದು ಕೇಳುವ, ಅಂಗವೈಕಲ್ಯದ ಅಂಕಿಅಂಶಕ್ಕಾಗಿ ವಿಶ್ವಸಂಸ್ಥೆಯ ಆಶ್ರಯದಲ್ಲಿ ರಚನೆಯಾದ ವಾಷಿಂಗ್ಟನ್ ಗುಂಪಿನ ಆರು ಪ್ರಶ್ನೆಗಳು ಹಲವು ದೇಶಗಳ ಜನಗಣತಿಯಲ್ಲಿ ಬಳಕೆಯಾಗಿವೆ. ಯಾರಲ್ಲಿ ಯಾವ ಸಾಧನವಿದೆ, ಯಾವುದು ಬೇಕು, ಎಲ್ಲಿಂದ ಪಡೆದರು, ಎಷ್ಟು ದೂರ ಹೋದರು, ಖರ್ಚು ಯಾರು ಕೊಟ್ಟರು ಎಂದು ಮನೆಮನೆಯಲ್ಲಿ ಕೇಳಲು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ತ್ವರಿತ ಸಮೀಕ್ಷೆಯೊಂದಿದೆ. 2022ರ ವರದಿಗಾಗಿ ಅದನ್ನು 35 ದೇಶಗಳಲ್ಲಿ ನಡೆಸಲಾಗಿತ್ತು. ಎರಡೂ ದೇಶಗಳಲ್ಲಿ ಒಂದೇ ಪ್ರಶ್ನೆಗಳನ್ನು ಕೇಳಿದರೆ ಮಾತ್ರ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

ಇದರ ಜೊತೆಗೆ ಇನ್ನೊಂದು ಕೆಲಸವನ್ನು ತಪ್ಪದೆ ಮಾಡಿ. ಸಾಧನ ಸಿಕ್ಕೂ ಬಳಸದೆ ಬಿಟ್ಟವರನ್ನು ಹುಡುಕಿ ಮಾತನಾಡಿಸಿ. ಮೂಲೆಯಲ್ಲಿ ದೂಳು ಹಿಡಿದ ಗಾಲಿಕುರ್ಚಿ, ಬ್ಯಾಟರಿ ಮುಗಿದ ಮೇಲೆ ಪೆಟ್ಟಿಗೆ ಸೇರಿದ ಶ್ರವಣ ಸಾಧನ, ತೊಡೆಯಲ್ಲಿ ಗಾಯ ಮಾಡಿದ್ದರಿಂದ ಕಳಚಿಟ್ಟ ಕೃತಕ ಕಾಲು, ಇವೆಲ್ಲ ಹಿಂದಿನ ಯೋಜನೆಗಳು ನಿಮಗಾಗಿ ಬಿಟ್ಟುಹೋದ ಪಾಠಗಳು. ಇಂಥ ಹತ್ತು ಮಂದಿಯ ಮಾತನ್ನು ಸಮಾಧಾನದಿಂದ ಕೇಳಿಸಿಕೊಂಡರೆ ಸಿಗುವ ತಿಳಿವಳಿಕೆ ಎಷ್ಟೋ ಪುಟಗಳ ವರದಿಯಲ್ಲಿ ಸಿಗುವುದಿಲ್ಲ.

ಎರಡನೆಯ ಹೆಜ್ಜೆ: ಬಳಸುವವರು ಮೊದಲ ದಿನದಿಂದಲೇ ಮೇಜಿನ ಸುತ್ತ ಇರಲಿ

ವಿಶ್ವಸಂಸ್ಥೆಯ ಒಡಂಬಡಿಕೆಯ 4ನೆಯ ವಿಧಿಯ 3ನೆಯ ಖಂಡವು, ವಿಕಲಚೇತನರಿಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ಅವರ ಪ್ರಾತಿನಿಧಿಕ ಸಂಘಟನೆಗಳೊಂದಿಗೆ ನಿಕಟವಾಗಿ ಸಮಾಲೋಚಿಸಬೇಕು ಎಂದು ಸರ್ಕಾರಗಳಿಗೆ ಹೇಳುತ್ತದೆ. ಸರ್ಕಾರೇತರ ಸಹಯೋಗಕ್ಕೂ ಈ ನಿಯಮವನ್ನೇ ಅನ್ವಯಿಸಿಕೊಳ್ಳಿ. ಮೂಲಮಾದರಿ ಸಿದ್ಧವಾದ ಮೇಲೆ ಕರೆದು ‘ಹೇಗಿದೆ’ ಎಂದು ಕೇಳುವುದನ್ನು ಸಮಾಲೋಚನೆ ಎನ್ನಲಾಗದು. ಯಾವ ಸಮಸ್ಯೆಯನ್ನು ಎತ್ತಿಕೊಳ್ಳಬೇಕು ಎಂದು ನಿರ್ಧರಿಸುವಾಗಲೇ ಅವರು ಇರಬೇಕು, ಅವರ ಸಮಯಕ್ಕೆ ತಂತ್ರಜ್ಞರಿಗೆ ಕೊಡುವಂತೆಯೇ ಸಂಭಾವನೆ ಇರಬೇಕು, ‘ಇದು ಬೇಡ’ ಎನ್ನುವ ಅಧಿಕಾರವೂ ಬರಹದಲ್ಲಿ ದಾಖಲಾಗಿರಬೇಕು. ಇನ್ನೊಂದು ದೇಶದಲ್ಲಿ ಯಾರನ್ನು ಸಂಪರ್ಕಿಸಬೇಕೆಂದು ತಿಳಿಯದಿದ್ದರೆ ಅಂತರರಾಷ್ಟ್ರೀಯ ವಿಕಲಚೇತನರ ಒಕ್ಕೂಟ, ವಿಶ್ವ ಅಂಧರ ಒಕ್ಕೂಟ, ವಿಶ್ವ ಕಿವುಡರ ಒಕ್ಕೂಟಗಳ ಸದಸ್ಯ ಸಂಘಟನೆಗಳ ಮೂಲಕ ಆರಂಭಿಸಬಹುದು.

ಸಭೆಯ ಏರ್ಪಾಡಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಹೊರಗಿಡುವಿಕೆ ನಡೆಯುವುದು ಇಲ್ಲೇ. ಸನ್ನೆ ಭಾಷೆ ಪ್ರಪಂಚದಾದ್ಯಂತ ಒಂದೇ ಅಲ್ಲ. ಮಾತನಾಡುವ ಭಾಷೆಗಳಂತೆ ಅದೂ ದೇಶದಿಂದ ದೇಶಕ್ಕೆ ಬೇರೆ. ಎರಡು ದೇಶಗಳ ಕಿವುಡ ಸದಸ್ಯರಿದ್ದರೆ ಎರಡೂ ಸನ್ನೆ ಭಾಷೆಗಳ ದುಭಾಷಿಗಳು ಬೇಕು, ದೀರ್ಘ ಸಭೆಯಾದರೆ ಪ್ರತಿ ಭಾಷೆಗೂ ಇಬ್ಬರು ಸರದಿಯ ಮೇಲೆ ಬೇಕು. ಚರ್ಚೆಗೆ ಕಳಿಸುವ ಕಾಗದಗಳನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನ ಬರಹವನ್ನು ಧ್ವನಿಯಾಗಿಯೋ ಬ್ರೈಲ್ ಆಗಿಯೋ ಒದಗಿಸುವ ತಂತ್ರಾಂಶ) ಓದಬಲ್ಲ ಪಠ್ಯವಾಗಿ, ಕನಿಷ್ಠ ಒಂದು ವಾರ ಮೊದಲೇ ಕಳಿಸಿ. ಪುಟಗಳ ಚಿತ್ರ ತೆಗೆದು ಕಳಿಸಿದರೆ ಅಂಧ ಸದಸ್ಯರಿಗೆ ಖಾಲಿ ಹಾಳೆ ಕಳಿಸಿದಂತೆ. ಪರದೆಯ ಮೇಲೆ ತೋರಿಸುವ ರೇಖಾಚಿತ್ರವನ್ನು ಮಾತಿನಲ್ಲೂ ವಿವರಿಸಿ. ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಚಿಕ್ಕ ವಾಕ್ಯಗಳ ಸರಳ ಆವೃತ್ತಿ ಮಾಡಿಕೊಡಿ. ದುಭಾಷಿಗಳು, ವೈಯಕ್ತಿಕ ಸಹಾಯಕರು ಮತ್ತು ಪ್ರವೇಶಕ್ಕೆ ಅನುಕೂಲವಿರುವ ವಸತಿಯ ಖರ್ಚನ್ನು ಆಯವ್ಯಯದಲ್ಲಿ ಪ್ರತ್ಯೇಕ ಬಾಬಾಗಿ ತೋರಿಸಿ. ‘ಇತರೆ’ ಎಂಬ ಬಾಬಿನೊಳಗೆ ಸೇರಿಸಿದರೆ ಹಣ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಅದಕ್ಕೇ.

ಮೂರನೆಯ ಹೆಜ್ಜೆ: ಈಗಾಗಲೇ ಇರುವುದನ್ನು ಹುಡುಕಿ

ಹೊಸದನ್ನು ಕಂಡುಹಿಡಿಯುವ ಹುಮ್ಮಸ್ಸಿಗಿಂತ, ಇರುವುದನ್ನು ಹುಡುಕಿ ಅದಕ್ಕೆ ಕೈ ಜೋಡಿಸುವ ತಾಳ್ಮೆ ಈ ಕ್ಷೇತ್ರಕ್ಕೆ ಹೆಚ್ಚು ಬೇಕಾಗಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ 50 ಆದ್ಯತೆಯ ಸಹಾಯಕ ಸಾಧನಗಳ ಪಟ್ಟಿಯನ್ನೂ 2021ರಲ್ಲಿ 26 ಸಾಧನಗಳಿಗೆ ತಾಂತ್ರಿಕ ನಿರ್ದಿಷ್ಟತೆಗಳನ್ನೂ ಪ್ರಕಟಿಸಿದೆ. ನಿಮ್ಮ ಸಾಧನ ಅದರಲ್ಲಿದೆಯೇ ನೋಡಿ. ಇದ್ದರೆ ಅರ್ಧ ಕೆಲಸ ಮುಗಿದಂತೆಯೇ ಸರಿ.

ತಂತ್ರಾಂಶದಲ್ಲಿ ಇದಕ್ಕೆ ಒಳ್ಳೆಯ ನಿದರ್ಶನ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಇದನ್ನು ಆರಂಭಿಸಿದರು, ಜೇಮ್ಸ್ ತೇ ಜೊತೆಯಾದರು. ಇಬ್ಬರೂ ಅಂಧರು. ದುಬಾರಿ ಸ್ಕ್ರೀನ್ ರೀಡರ್ ಕೊಳ್ಳಲಾಗದವರಿಗೂ ಕಂಪ್ಯೂಟರ್ ಬಳಸಲು ಸಾಧ್ಯವಾಗಬೇಕು ಎಂಬುದು ಅವರ ಹಟ. ಮೂಲ ಸಂಕೇತ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿರುವುದರಿಂದ ಬೇರೆ ಬೇರೆ ದೇಶಗಳ ಬಳಕೆದಾರರೇ ಅದನ್ನು 50ಕ್ಕೂ ಹೆಚ್ಚು ಭಾಷೆಗಳಿಗೆ ತಂದಿದ್ದಾರೆ. ಅದರಲ್ಲಿ ಪಠ್ಯವನ್ನು ಧ್ವನಿಯಾಗಿಸುವುದು ಇ-ಸ್ಪೀಕ್ ಎನ್‌ಜಿ, ಬ್ರೈಲ್ ಆಗಿಸುವುದು ಲಿಬ್‌ಲೂಯಿ. ಇವೆರಡೂ ಬೇರೆ ಬೇರೆ ಸಮುದಾಯಗಳು ಕಟ್ಟಿ ಬೆಳೆಸಿದ ಮುಕ್ತ ತಂತ್ರಾಂಶಗಳು. ನಿಮ್ಮ ಭಾಷೆಯ ಉಚ್ಚಾರ ತಪ್ಪಾಗಿ ಕೇಳಿಸುತ್ತಿದ್ದರೆ ಹೊಸ ಸ್ಕ್ರೀನ್ ರೀಡರ್ ಬರೆಯುವ ಅಗತ್ಯವಿಲ್ಲ. ಆ ಭಾಷೆಯ ಉಚ್ಚಾರ ನಿಯಮಗಳ ಕಡತವನ್ನು ತಿದ್ದಿ ಮೂಲ ಸಮುದಾಯಕ್ಕೆ ಕಳಿಸಿದರೆ, ಮುಂದಿನ ಆವೃತ್ತಿಯಲ್ಲಿ ಅದು ಲೋಕದ ಎಲ್ಲ ಬಳಕೆದಾರರಿಗೂ ಸಿಗುತ್ತದೆ.

ಆದರೆ ಆ ತಿದ್ದುಪಡಿಯನ್ನು ಭಾಷೆ ಬಲ್ಲ ಬಳಕೆದಾರರೇ ಮಾಡಬೇಕು. ‘ಅಮ್ಮ’ ಎಂಬ ಪದವನ್ನು ನೋಡಿ. ಕನ್ನಡ ಬರಹದಲ್ಲಿ ಎರಡನೆಯ ‘ಮ’ ಒತ್ತಾಗಿ ಕೆಳಗೆ ಕೂರುತ್ತದೆ. ಬ್ರೈಲ್‌ನಲ್ಲಿ ಕೆಳಗೆ ಕೂರಲು ಜಾಗವಿಲ್ಲ. ‘ಅ’ ಬರೆದು, ಸ್ವರವಿಲ್ಲದ ಮ-ಕಾರ ಬರಲಿದೆ ಎಂದು ತಿಳಿಸುವ ನಾಲ್ಕನೆಯ ಚುಕ್ಕಿಯನ್ನು ಮೊದಲೇ ಇಟ್ಟು, ಆಮೇಲೆ ‘ಮ’ ಮತ್ತು ‘ಮ’ ಎಂದು ಸಾಲಾಗಿ ಬರೆಯುತ್ತಾರೆ. ಕಂಪ್ಯೂಟರಿನ ಪಠ್ಯದಲ್ಲಿ ಈ ಸೂಚನೆ ಮೊದಲ ‘ಮ’ದ ನಂತರ ಬರುತ್ತದೆ, ಬೆರಳು ಓದುವಾಗ ಅದಕ್ಕಿಂತ ಮೊದಲೇ ಬರಬೇಕು. ಈ ಅದಲುಬದಲು ತಪ್ಪಿದರೆ ಓದುವವರ ಬೆರಳು ಪ್ರತಿ ಒತ್ತಕ್ಷರದಲ್ಲೂ ಎಡವುತ್ತದೆ. ದೂರದ ದೇಶದಲ್ಲಿ ಕುಳಿತ ತಂತ್ರಜ್ಞ ಎಷ್ಟೇ ಜಾಣನಾಗಿದ್ದರೂ ಆ ಎಡವುವಿಕೆ ಅವನ ಅರಿವಿಗೆ ಬರುವುದಿಲ್ಲ.

ಯಂತ್ರ ಸಾಧನಗಳಲ್ಲಿಯೂ ಇಂಥ ಪರಂಪರೆಯಿದೆ. 2011ರಲ್ಲಿ ದಕ್ಷಿಣ ಆಫ್ರಿಕಾದ ಬಡಗಿ ರಿಚರ್ಡ್ ವ್ಯಾನ್ ಆಸ್ ಗರಗಸದ ಅಪಘಾತದಲ್ಲಿ ಬೆರಳುಗಳನ್ನು ಕಳೆದುಕೊಂಡರು. ಅಮೆರಿಕದ ಐವನ್ ಓವನ್ ತಯಾರಿಸಿದ ಯಾಂತ್ರಿಕ ಕೈಯ ವಿಡಿಯೊ ನೋಡಿ ಅವರನ್ನು ಸಂಪರ್ಕಿಸಿದರು. ಎರಡು ಖಂಡಗಳಲ್ಲಿದ್ದುಕೊಂಡೇ ಇಬ್ಬರೂ ವಿನ್ಯಾಸ ಬೆಳೆಸಿ, 3ಡಿ ಮುದ್ರಣದ ಮೂಲಕ ಮಗುವೊಂದಕ್ಕೆ ಕೈ ಮಾಡಿಕೊಟ್ಟು, 2013ರಲ್ಲಿ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಇ-ನೇಬಲ್ ಎಂಬ ಸ್ವಯಂಸೇವಕರ ಬಳಗ ಬೆಳೆದದ್ದು ಅಲ್ಲಿಂದ. ಈ ಕೈಗಳು ಮಣಿಕಟ್ಟನ್ನು ಬಾಗಿಸಿದಾಗ ದಾರ ಬಿಗಿದು ಬೆರಳು ಮಡಚುವ ಬಗೆಯವು, ಹೆಚ್ಚು ಭಾರ ಹೊರುವಂಥವಲ್ಲ. ಇಂಥ ಮಿತಿಯನ್ನು ಮೊದಲೇ ಸ್ಪಷ್ಟವಾಗಿ ಹೇಳುವುದು ಸಹಯೋಗದ ಪ್ರಾಮಾಣಿಕತೆಯ ಭಾಗ.

ನಾಲ್ಕನೆಯ ಹೆಜ್ಜೆ: ಒಪ್ಪಂದ ಪತ್ರದಲ್ಲಿ ಅಹಿತಕರ ಪ್ರಶ್ನೆಗಳಿಗೂ ಉತ್ತರವಿರಲಿ

ಆರಂಭದ ಸ್ನೇಹದಲ್ಲಿ ಯಾರೂ ಕೇಳಲು ಬಯಸದ ಪ್ರಶ್ನೆಗಳೇ ಮುಂದೆ ಸಹಯೋಗವನ್ನು ಮುರಿಯುತ್ತವೆ. ವಿನ್ಯಾಸ ಯಾರದು? ಬಳಕೆದಾರರು ಸೂಚಿಸಿದ ಸುಧಾರಣೆಗೆ ಪೇಟೆಂಟ್ ಪಡೆಯುವ ಹಕ್ಕು ಯಾರಿಗಿದೆ? ಅನುದಾನ ಬರುವ ದೇಶದ ಸಂಸ್ಥೆಯೇ ಎಲ್ಲ ತೀರ್ಮಾನ ಮಾಡುತ್ತದೆಯೇ? ಒಬ್ಬರು ಹಿಂದೆ ಸರಿದರೆ ಅಚ್ಚುಗಳು, ಕಡತಗಳು, ಉಪಕರಣಗಳು ಯಾರ ಬಳಿ ಉಳಿಯುತ್ತವೆ? ಇವುಗಳನ್ನು ಹಣ ಬರುವ ಮೊದಲೇ ಬರೆದುಕೊಳ್ಳಿ.

ವಿನ್ಯಾಸದ ಹಕ್ಕಿನ ವಿಷಯದಲ್ಲಿ ನನ್ನ ಸಲಹೆ ಇದು: ಸಾರ್ವಜನಿಕ ಹಣದಿಂದ ರೂಪುಗೊಂಡದ್ದು ಆದಷ್ಟೂ ಮುಕ್ತ ಪರವಾನಗಿಯಲ್ಲಿರಲಿ, ಅಂದರೆ ಯಾರು ಬೇಕಾದರೂ ಅದನ್ನು ಬಳಸಿ, ತಿದ್ದಿ, ಹಂಚಿಕೊಳ್ಳುವಂತಿರಲಿ. ತಂತ್ರಾಂಶಕ್ಕೆ ಜಿಪಿಎಲ್ ಅಥವಾ ಎಂಐಟಿ, ಕೈಪಿಡಿ ಮತ್ತು ಚಿತ್ರಗಳಿಗೆ ಕ್ರಿಯೇಟಿವ್ ಕಾಮನ್ಸ್, ಯಂತ್ರ ವಿನ್ಯಾಸಕ್ಕೆ ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್ ರೂಪಿಸಿದ ಮುಕ್ತ ಯಂತ್ರಾಂಶ ಪರವಾನಗಿ ಬಳಕೆಯಲ್ಲಿವೆ. ತಯಾರಕರು ಬಂಡವಾಳ ಹೂಡಿರುವುದರಿಂದ ಹಕ್ಕು ಉಳಿಸಿಕೊಳ್ಳಲೇಬೇಕು ಎಂದಾದರೆ, ಕಡಿಮೆ ಆದಾಯದ ದೇಶಗಳಲ್ಲಿ ದುರಸ್ತಿ ಮಾಡುವ, ಬಿಡಿಭಾಗ ತಯಾರಿಸುವ ಮತ್ತು ಕಂಪನಿ ಉತ್ಪಾದನೆ ನಿಲ್ಲಿಸಿದಾಗ ವಿನ್ಯಾಸವನ್ನು ಪಡೆಯುವ ಹಕ್ಕನ್ನಾದರೂ ಬರೆಸಿಕೊಳ್ಳಿ.

ಪುಸ್ತಕಗಳ ವಿನಿಮಯವಿದ್ದರೆ ಮರ್ರಾಕೆಶ್ ಒಪ್ಪಂದವನ್ನು ಓದಿಕೊಳ್ಳಿ. 2013ರ ಜೂನ್ 27ರಂದು ಅಂಗೀಕಾರವಾಗಿ 2016ರ ಸೆಪ್ಟೆಂಬರ್ 30ರಿಂದ ಜಾರಿಯಲ್ಲಿರುವ ಈ ಒಪ್ಪಂದ, ಅಂಧರು, ದೃಷ್ಟಿದೋಷವುಳ್ಳವರು ಮತ್ತು ಮುದ್ರಿತ ಪುಸ್ತಕವನ್ನು ಓದಲಾಗದ ಇತರರಿಗಾಗಿ ಹಕ್ಕುಸ್ವಾಮ್ಯ ಹೊಂದಿದವರ ಅನುಮತಿ ಕೇಳದೆಯೇ ಬ್ರೈಲ್, ಧ್ವನಿ ಅಥವಾ ದೊಡ್ಡ ಅಕ್ಷರದ ಪ್ರತಿ ಮಾಡಲು, ಅದನ್ನು ಅಧಿಕೃತ ಸಂಸ್ಥೆಗಳ ಮೂಲಕ ಸದಸ್ಯ ದೇಶಗಳ ನಡುವೆ ಹಂಚಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಸಿನಿಮಾ ಅದರ ವ್ಯಾಪ್ತಿಗೆ ಬರುವುದಿಲ್ಲ, ಕಿವುಡರಿಗೆ ಬೇಕಾದ ಉಪಶೀರ್ಷಿಕೆಯ ಪ್ರತಿಗಳೂ ಬರುವುದಿಲ್ಲ.

ಮನುಷ್ಯರ ಮೇಲೆ ಪರೀಕ್ಷೆ ನಡೆಯುವುದಾದರೆ ಎರಡೂ ದೇಶಗಳ ನೈತಿಕ ಸಮಿತಿಗಳ ಒಪ್ಪಿಗೆ ಪಡೆಯಿರಿ. ಒಪ್ಪಿಗೆ ಪತ್ರವನ್ನು ಭಾಗವಹಿಸುವವರ ಭಾಷೆಯಲ್ಲಿ, ಅವರಿಗೆ ಓದಲು ಅಥವಾ ಕೇಳಲು ಆಗುವ ರೂಪದಲ್ಲಿ ಕೊಡಿ. ಪರೀಕ್ಷೆ ಮುಗಿದ ಮೇಲೆ ಸಾಧನವನ್ನು ಮರಳಿ ಪಡೆಯುತ್ತೀರಾ ಎಂಬುದನ್ನು ಆರಂಭದಲ್ಲೇ ಹೇಳಿ. ಆರು ತಿಂಗಳು ಓಡಾಡುವ ಸ್ವಾತಂತ್ರ್ಯ ಕೊಟ್ಟು ಆಮೇಲೆ ಕಸಿದುಕೊಳ್ಳುವುದು ಕ್ರೌರ್ಯ.

ಐದನೆಯ ಹೆಜ್ಜೆ: ಪ್ರಯೋಗಾಲಯದಲ್ಲಿಯೂ ನೆಲದ ಮೇಲೆಯೂ ಪರೀಕ್ಷಿಸಿ

ಗಾಲಿಕುರ್ಚಿಗೆ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ (ಐಎಸ್‌ಒ) 7176, ಕೃತಕ ಕಾಲಿನ ಬಲಕ್ಕೆ ಐಎಸ್‌ಒ 10328, ಜಾಲತಾಣ ಮತ್ತು ಆ್ಯಪ್‌ಗಳ ಪ್ರವೇಶಸಾಧ್ಯತೆಗೆ ಡಬ್ಲ್ಯುಸಿಎಜಿ (ಇದರ 2.2 ಆವೃತ್ತಿ 2023ರ ಅಕ್ಟೋಬರಿನಲ್ಲಿ ಬಂತು) ಎಂಬ ಮಾನದಂಡಗಳಿವೆ. ಎರಡು ದೇಶಗಳ ತಂಡಗಳು ಒಂದೇ ಮಾನದಂಡವನ್ನು ಇಟ್ಟುಕೊಂಡರೆ ‘ಗಟ್ಟಿಯಾಗಿದೆ’ ಎಂಬ ಮಾತಿಗೆ ಎರಡೂ ಕಡೆ ಒಂದೇ ಅರ್ಥ ಬರುತ್ತದೆ. ಐಎಸ್‌ಒ 7176ರ ಎಂಟನೆಯ ಭಾಗದಲ್ಲಿ ಗಾಲಿಕುರ್ಚಿಯನ್ನು ಉಬ್ಬುಪಟ್ಟಿಗಳಿರುವ ತಿರುಗುವ ಉರುಳೆಗಳ ಮೇಲೆ 2,00,000 ಸುತ್ತು ಓಡಿಸುತ್ತಾರೆ, ಬಳಿಕ ಸ್ವಲ್ಪ ಎತ್ತರದಿಂದ 6,666 ಬಾರಿ ಬೀಳಿಸುತ್ತಾರೆ.

ಮಾನದಂಡ ಬೇಕೇ ಬೇಕು, ಆದರೆ ಅದು ಸಾಲದು. ಆ ಉರುಳೆಯ ಮೇಲೆ ಮರಳಿಲ್ಲ, ಕೆಸರಿಲ್ಲ, ಮಳೆಯಿಲ್ಲ. ಒರಟು ನೆಲದಲ್ಲಿ ಬೇಗ ಕೆಡುವ ಭಾಗಗಳಲ್ಲಿ ಮುಂದಿನ ಪುಟ್ಟ ಗಾಲಿಗಳು ಮುಖ್ಯವಾದವು. ಬೇರಿಂಗಿನೊಳಗೆ ಮರಳು ಸೇರಿದರೆ ಗಾಲಿ ಮೊದಲು ಕಿರ್ರೆನ್ನುತ್ತದೆ, ಆಮೇಲೆ ಅಲುಗುತ್ತದೆ, ಕೊನೆಗೆ ಒಂದು ದಿನ ಗುಂಡಿಗೆ ಸಿಕ್ಕಾಗ ಅದನ್ನು ಹಿಡಿದಿರುವ ಕವಲು ಬಾಗಿ, ಕುಳಿತವರನ್ನು ಮುಂದಕ್ಕೆ ಮುಗ್ಗರಿಸುತ್ತದೆ. ಸ್ವತಃ ಗಾಲಿಕುರ್ಚಿ ಬಳಸುವ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್ 1980ರಿಂದ ಹಲವು ದೇಶಗಳ ಬಳಕೆದಾರರ ಜೊತೆ ಕೆಲಸ ಮಾಡಿ ಕಟ್ಟಿದ ವರ್ಲ್‌ವಿಂಡ್ ಬಳಗ ಇದಕ್ಕೆ ಉತ್ತರ ಹುಡುಕಿದ ರೀತಿ ಮನನೀಯ. ಮುಂಗಾಲಿಗಳನ್ನು ಇನ್ನಷ್ಟು ಮುಂದಕ್ಕೆ ತಂದು ಕುರ್ಚಿ ಮುಗ್ಗರಿಸದಂತೆ ಮಾಡಿದರು. ಜಿಂಬಾಬ್ವೆಯ ಹೆಸರಿನಿಂದಲೇ ಕರೆಯಲ್ಪಡುವ ಅಗಲವಾದ ರಬ್ಬರ್ ಮುಂಗಾಲಿಯನ್ನು ಅಳವಡಿಸಿದ್ದರಿಂದ ಗಾಲಿ ಮೆದು ನೆಲದಲ್ಲಿ ಹೂತುಹೋಗುವುದು ಕಡಿಮೆಯಾಯಿತು. ಬೇರಿಂಗು, ಟೈರು, ಬೋಲ್ಟುಗಳು ಸೈಕಲ್ ಅಂಗಡಿಯಲ್ಲಿ ಸಿಗುವ ಅಳತೆಯವೇ ಆಗಿರಲಿ ಎಂಬ ಎಚ್ಚರ ವಿನ್ಯಾಸದ ಉದ್ದಕ್ಕೂ ಕಾಣುತ್ತದೆ.

ನಿಮ್ಮ ಪರೀಕ್ಷೆಯಲ್ಲಿಯೂ ಅದೇ ಪ್ರಶ್ನೆಯನ್ನು ಕೇಳಿಕೊಳ್ಳಿ: ಈ ಭಾಗ ಮುರಿದರೆ ಅತಿ ಹತ್ತಿರದ ಬದಲಿ ಎಲ್ಲಿದೆ? ಶ್ರವಣ ಸಾಧನವಾದರೆ ಅದರ ಗುಂಡಿ ಬ್ಯಾಟರಿ ಬಳಕೆದಾರರ ಊರಿನಲ್ಲಿ ಸಿಗುತ್ತದೆಯೇ, ಮಗು ಬೆಳೆದಂತೆ ಕಿವಿಯ ಅಚ್ಚನ್ನು ಮತ್ತೆ ಮತ್ತೆ ಮಾಡಿಕೊಡುವವರು ಇದ್ದಾರೆಯೇ? ಮಳೆ ಮತ್ತು ಬೇಸಿಗೆ ಎರಡೂ ಕಾಲ ದಾಟುವಷ್ಟು ದಿನ ಪರೀಕ್ಷೆ ನಡೆಯಲಿ.

ಆರನೆಯ ಹೆಜ್ಜೆ: ಗಡಿಯ ಕಾಗದಪತ್ರ

ಸಾಧನಗಳು ಬಂದರಿನಲ್ಲಿ ತಿಂಗಳುಗಟ್ಟಲೆ ಕೊಳೆಯುವುದಕ್ಕೆ ಸಾಮಾನ್ಯ ಕಾರಣ ಕಾಗದದ ತಪ್ಪು. ಜಾಗತಿಕ ಸೀಮಾಸುಂಕ ವರ್ಗೀಕರಣದಲ್ಲಿ ಗಾಲಿಕುರ್ಚಿ 8713ನೆಯ ಶೀರ್ಷಿಕೆಯಡಿ, ಅದರ ಬಿಡಿಭಾಗಗಳು 8714.20ರಡಿ, ಕೃತಕ ಅಂಗಗಳು ಮತ್ತು ಶ್ರವಣ ಸಾಧನಗಳು 9021ರಡಿ ಬರುತ್ತವೆ. ಬಿಡಿಭಾಗಗಳನ್ನು ‘ಸೈಕಲ್ ಭಾಗ’ ಎಂದೋ ‘ಲೋಹದ ಸಾಮಾನು’ ಎಂದೋ ನಮೂದಿಸಿದರೆ ಇಡೀ ಸಾಧನಕ್ಕಿಲ್ಲದ ಸುಂಕ ಅದರ ಬೋಲ್ಟಿಗೆ ಬೀಳಬಹುದು. ಯುನೆಸ್ಕೊದ 1950ರ ಫ್ಲಾರೆನ್ಸ್ ಒಪ್ಪಂದ ಅಂಧರಿಗಾಗಿನ ವಸ್ತುಗಳಿಗೆ ಸುಂಕ ವಿನಾಯಿತಿ ತಂದಿತು, 1976ರ ನೈರೋಬಿ ಪೂರಕ ಒಪ್ಪಂದ ಅದನ್ನು ಇತರ ವಿಕಲಚೇತನರ ಸಾಧನಗಳಿಗೂ ವಿಸ್ತರಿಸಿತು. ತಲುಪುವ ದೇಶ ಇವುಗಳಿಗೆ ಸೇರಿದೆಯೇ, ಸೇರಿದ್ದರೆ ಯಾವ ಇಲಾಖೆಯ ಪ್ರಮಾಣಪತ್ರ ಬೇಕು ಎಂಬುದನ್ನು ಸರಕು ಹಡಗು ಹತ್ತುವ ಮೊದಲೇ ವಿಚಾರಿಸಿ. ಲಿಥಿಯಂ ಬ್ಯಾಟರಿ ಇರುವ ಸಾಧನಕ್ಕೆ, ಬ್ಯಾಟರಿ ಸಾಗಣೆಯ ಸುರಕ್ಷತೆಗಾಗಿ ವಿಶ್ವಸಂಸ್ಥೆ ಗೊತ್ತುಪಡಿಸಿದ ಯುಎನ್ 38.3 ಪರೀಕ್ಷೆಯ ವರದಿ ಬೇಕು, ಅದಿಲ್ಲದೆ ವಿಮಾನ ಸಂಸ್ಥೆಗಳು ಸರಕನ್ನು ಸ್ವೀಕರಿಸುವುದಿಲ್ಲ. ವೈದ್ಯಕೀಯ ಸಾಧನದ ನೋಂದಣಿ ಬೇಕೇ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಏಳನೆಯ ಹೆಜ್ಜೆ: ಸೇವೆಯನ್ನು ಕಟ್ಟಿ

ಇದು ಎಲ್ಲಕ್ಕಿಂತ ಕಷ್ಟದ, ಎಲ್ಲಕ್ಕಿಂತ ಅಗತ್ಯದ ಹೆಜ್ಜೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಗಾಲಿಕುರ್ಚಿ ಮಾರ್ಗಸೂಚಿ ಸೇವೆಯನ್ನು ಎಂಟು ಹಂತಗಳಲ್ಲಿ ವಿವರಿಸುತ್ತದೆ. ಬಳಕೆದಾರರನ್ನು ಸೇವೆಗೆ ಕಳಿಸುವುದು, ಅಗತ್ಯ ಪರೀಕ್ಷಿಸುವುದು, ಯಾವ ಕುರ್ಚಿ ಎಂದು ನಿರ್ಧರಿಸುವುದು, ಹಣ ಹೊಂದಿಸಿ ತರಿಸುವುದು, ಕುರ್ಚಿಯನ್ನು ಸಿದ್ಧಗೊಳಿಸುವುದು, ಮೈಗೆ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ನಿರ್ವಹಣೆ ಮತ್ತು ಮರುಭೇಟಿ. ಸರಕು ಹಂಚುವ ಯೋಜನೆಗಳು ಸಾಮಾನ್ಯವಾಗಿ ನಾಲ್ಕನೆಯದನ್ನು ಮಾತ್ರ ಮಾಡಿ ಉಳಿದ ಏಳನ್ನು ಕೈಬಿಡುತ್ತವೆ.

ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಒಂದೇ ಪರೀಕ್ಷೆಯ ಮೂಲಕ ತೋರಿಸುತ್ತೇನೆ. ಬೆನ್ನುಹುರಿಗೆ ಪೆಟ್ಟಾದವರಲ್ಲಿ ಹಲವರಿಗೆ ಕುಳಿತ ಜಾಗದ ನೋವು ತಿಳಿಯುವುದಿಲ್ಲ. ಹಾಗಾಗಿ ಒಂದೇ ಕಡೆ ಭಾರ ಬಿದ್ದು ಒತ್ತಡದ ಹುಣ್ಣಾದರೂ ಗೊತ್ತಾಗುವುದಿಲ್ಲ, ಅದು ಸೋಂಕಿಗೆ ತಿರುಗಿದರೆ ಜೀವಕ್ಕೇ ಅಪಾಯ. ಮೆತ್ತೆ ಸರಿಯಿದೆಯೇ ಎಂದು ತಿಳಿಯಲು ತರಬೇತಿ ಪಡೆದವರು, ಮೊದಲು ವಿಷಯ ವಿವರಿಸಿ ಒಪ್ಪಿಗೆ ಕೇಳಿ, ಕುಳಿತವರ ಪೃಷ್ಠದ ಮೂಳೆ ಮತ್ತು ಮೆತ್ತೆಯ ನಡುವೆ ಬೆರಳತುದಿಗಳನ್ನು ತೂರಿಸುತ್ತಾರೆ. ಬೆರಳತುದಿಯನ್ನು 5 ಮಿಲಿಮೀಟರಿನಷ್ಟು ಮೇಲೆ ಕೆಳಗೆ ಆಡಿಸಲು ಬಂದರೆ ಮೆತ್ತೆ ಸುರಕ್ಷಿತ. ಆಡಿಸಲು ಬಾರದಿದ್ದರೂ ಸುಲಭವಾಗಿ ಎಳೆದುಕೊಳ್ಳಲು ಬಂದರೆ ಎಚ್ಚರಿಕೆ ಬೇಕು. ಬೆರಳು ಸಿಕ್ಕಿಹಾಕಿಕೊಂಡಂತಾದರೆ ಆ ಮೆತ್ತೆಯ ಮೇಲೆ ಅವರನ್ನು ಕೂರಿಸಲೇಬಾರದು. ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ನೋಡಬೇಕು. ಇದಕ್ಕೆ ಯಂತ್ರ ಬೇಡ, ವಿದ್ಯುತ್ ಬೇಡ, ಬೇಕಾಗಿರುವುದು ಕಲಿತ ಒಂದು ಕೈ ಮಾತ್ರ. ಆ ಕೈಯನ್ನು ತಯಾರು ಮಾಡದೆ ಒಂದು ಹಡಗಿನ ತುಂಬ ಕುರ್ಚಿ ಕಳಿಸಿದರೆ ನೆರವಿನ ಹೆಸರಿನಲ್ಲಿ ಹುಣ್ಣು ಕಳಿಸಿದಂತಾಗುತ್ತದೆ.

ಆದ್ದರಿಂದ ತರಬೇತಿಗೆ ಸಾಧನಗಳ ಖರೀದಿಯಷ್ಟೇ ತೂಕ ಕೊಡಿ. ಪ್ರಾಥಮಿಕ ಆರೋಗ್ಯ ಸಿಬ್ಬಂದಿ ಸರಳ ಸಾಧನಗಳನ್ನು ಹೊಂದಿಸಿಕೊಡಲು ಕಲಿಯುವಂತೆ ವಿಶ್ವ ಆರೋಗ್ಯ ಸಂಸ್ಥೆ ‘ಟ್ಯಾಪ್’ ಎಂಬ ಆನ್‌ಲೈನ್ ತರಬೇತಿಯನ್ನು ರೂಪಿಸಿದೆ. ವಿದೇಶಿ ತಜ್ಞರು ಬಂದು ತಾವೇ ಹೊಂದಿಸಿಕೊಟ್ಟು ಹೋಗುವ ಶಿಬಿರಗಳ ಬದಲು, ಸ್ಥಳೀಯರು ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ತಿದ್ದುವ ಭೇಟಿಗಳಿರಲಿ. ಬಳಕೆದಾರರನ್ನೇ ಸಹ ತರಬೇತುದಾರರನ್ನಾಗಿ ನೇಮಿಸಿ. ಕುರ್ಚಿಯಿಂದ ಹಾಸಿಗೆಗೆ ದಾಟುವುದನ್ನು, ಮೆಟ್ಟಿಲ ಅಂಚು ಹತ್ತುವುದನ್ನು ಕಲಿಸಲು ದಿನವೂ ಅದನ್ನೇ ಮಾಡುವವರಿಗಿಂತ ಯೋಗ್ಯರಿಲ್ಲ.

ಎಂಟನೆಯ ಹೆಜ್ಜೆ: ಅನುದಾನ ಮುಗಿದ ಮರುದಿನದ ಹಣ

ಆಯವ್ಯಯವನ್ನು ಸಾಧನದ ಬೆಲೆಯ ಮೇಲೆ ಕಟ್ಟದೆ ಅದು ಬಾಳುವ ಅವಧಿಯ ಮೇಲೆ ಕಟ್ಟಿ. ಬೆಲೆ, ಸಾಗಣೆ, ಹೊಂದಿಸುವಿಕೆ, ಬ್ಯಾಟರಿ, ಬಿಡಿಭಾಗ, ಮರುಭೇಟಿ ಎಲ್ಲವೂ ಸೇರಿ ವರ್ಷಕ್ಕೆ ಎಷ್ಟು ಎಂದು ಲೆಕ್ಕ ಹಾಕಿದಾಗ, ಅಗ್ಗವೆನಿಸಿದ ಸಾಧನ ದುಬಾರಿಯಾಗಿ ಕಾಣುವುದುಂಟು. ಹಲವು ಸಂಸ್ಥೆಗಳು ಬೇಡಿಕೆಯನ್ನು ಒಟ್ಟುಗೂಡಿಸಿದರೆ ಬೆಲೆ ಇಳಿಯುತ್ತದೆ. ಹಲವು ದೇಶಗಳ ಅಂಧರ ಸಂಸ್ಥೆಗಳು ಕೂಡಿ, ಮುಂಗಡವಾಗಿ ಹಣ ಹಾಕಿ ಮಾಡಿಸಿಕೊಂಡ ಆರ್ಬಿಟ್ ರೀಡರ್ 20 ಎಂಬ ಬ್ರೈಲ್ ಪರದೆ (ಪಠ್ಯವನ್ನು ಏರಿಳಿಯುವ ಚುಕ್ಕಿಗಳಾಗಿ ಬೆರಳಿಗೆ ಒದಗಿಸುವ ಸಾಧನ) ಅದೇ ದಾರಿಯಲ್ಲಿ ಬಂತು. 2018ರಲ್ಲಿ ಆರಂಭವಾದ ಎಟಿಸ್ಕೇಲ್ ಎಂಬ ಜಾಗತಿಕ ಪಾಲುದಾರಿಕೆ, 2030ರೊಳಗೆ ಇನ್ನೂ 50 ಕೋಟಿ ಜನರಿಗೆ ಸಾಧನ ತಲುಪಿಸುವ ಗುರಿ ಇಟ್ಟುಕೊಂಡು ಸರ್ಕಾರಗಳೊಂದಿಗೆ ಕೆಲಸ ಮಾಡುತ್ತಿದೆ. ಆದರೂ ದೀರ್ಘಕಾಲ ನಿಲ್ಲುವುದು ದೇಶದ ಸ್ವಂತ ಆರೋಗ್ಯ ಅಥವಾ ವಿಮಾ ವ್ಯವಸ್ಥೆಯ ಹಣವೊಂದೇ. 2018ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ ಸಹಾಯಕ ತಂತ್ರಜ್ಞಾನದ ಕುರಿತು ಅಂಗೀಕರಿಸಿದ ನಿರ್ಣಯ ಸದಸ್ಯ ದೇಶಗಳಿಗೆ ಇದನ್ನೇ ಹೇಳುತ್ತದೆ. ನಿಮ್ಮ ಸಾಧನ ರಾಷ್ಟ್ರೀಯ ಪಟ್ಟಿಗೆ ಸೇರಲು ಬೇಕಾದ ದಾಖಲೆಗಳನ್ನು ಮೊದಲ ವರ್ಷದಿಂದಲೇ ಕೂಡಿಡುತ್ತ ಬನ್ನಿ.

ಒಂಬತ್ತನೆಯ ಹೆಜ್ಜೆ: ಮರಳಿ ಹೋಗಿ ನೋಡಿ

ಎಷ್ಟು ಸಾಧನ ಹಂಚಿದಿರಿ ಎಂಬ ಸಂಖ್ಯೆ ದಾನಿಗಳ ವರದಿಗೆ ಸಾಕಾಗಬಹುದು, ನಿಮಗೆ ಸಾಲದು. ಒಂದು ವರ್ಷದ ಬಳಿಕ ಎಷ್ಟು ಮಂದಿ ಇನ್ನೂ ಬಳಸುತ್ತಿದ್ದಾರೆ, ವಾರಕ್ಕೆ ಎಷ್ಟು ದಿನ ಮನೆಯಿಂದ ಹೊರಗೆ ಹೋಗುತ್ತಾರೆ, ಕೆಟ್ಟಾಗ ಎಷ್ಟು ದಿನ ಕಾದರು, ಗಾಯವಾಯಿತೇ, ಇವನ್ನು ದಾಖಲಿಸಿ. ಕೈಬಿಟ್ಟವರ ಕಾರಣಗಳನ್ನು ಮರೆಮಾಚದೆ ಪ್ರಕಟಿಸಿ. ನಿಮ್ಮ ವೈಫಲ್ಯದ ವಿವರ ಇನ್ನೊಂದು ದೇಶದ ತಂಡಕ್ಕೆ ಎರಡು ವರ್ಷ ಉಳಿಸಬಲ್ಲದು. ವರದಿಯ ಸಹಲೇಖಕರಾಗಿ ಎರಡೂ ದೇಶಗಳವರೂ ಬಳಕೆದಾರರೂ ಇರಲಿ.

ಮರುಭೇಟಿಯಲ್ಲಿ ಕುರ್ಚಿಯನ್ನು ತಲೆಕೆಳಗು ಮಾಡಿ ಮುಂಗಾಲಿಯ ಬಳಿ ನೋಡಿ. ಮೂಲ ಬೋಲ್ಟಿನ ಜಾಗದಲ್ಲಿ ಅಲ್ಲಿನ ರಿಪೇರಿಯವರು ಬೇರೆ ಬೋಲ್ಟು ಹಾಕಿರಬಹುದು, ಬೇರಿಂಗಿಗೆ ದೂಳು ಹೋಗದಂತೆ ಹಳೆಯ ಟ್ಯೂಬಿನ ರಬ್ಬರಿನಿಂದ ಬಳೆ ಕತ್ತರಿಸಿ ಕೂರಿಸಿರಬಹುದು. ಅದನ್ನು ತಪ್ಪೆಂದು ತೆಗೆಯಬೇಡಿ. ಅಳತೆ ತೆಗೆದುಕೊಳ್ಳಿ, ಅದನ್ನು ಮಾಡಿದವರ ಜೊತೆ ಕುಳಿತು ಏಕೆ ಹಾಗೆ ಮಾಡಿದರೆಂದು ಕೇಳಿ, ಅವರು ಒಪ್ಪಿದರೆ ಅವರ ಹೆಸರಿನೊಂದಿಗೆ ಮೂಲ ನಕ್ಷೆಯನ್ನು ತಿದ್ದಿ, ಹೊಸ ಆವೃತ್ತಿ ಸಂಖ್ಯೆ ಕೊಟ್ಟು, ವಿನ್ಯಾಸ ಆರಂಭವಾದ ದೇಶಕ್ಕೆ ಕಳಿಸಿಕೊಡಿ.